ಬೀದರದ ನೆಲದೊಳಗಿನ ಹೊಳೆ

೨೦೧೬ರ ಏಪ್ರಿಲ್ ತಿಂಗಳಿನಲ್ಲಿ ನೀರು ರೈಲು ಹತ್ತಿ ಪ್ರಯಾಣ ಹೊರಟಿತು. ಮೀರಜಿನಲ್ಲಿ ಹತ್ತು ಟ್ಯಾಂಕುಗಳಿಗೆ ತುಂಬಿದ ಸುಮಾರು ಐದು ಲಕ್ಷ ಲೀಟರ್ ನೀರನ್ನು ಎಳೆದುಕೊಂಡು, ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ರಮಿಸಿ, ಆ ಗಾಡಿ ಲಾತೂರನ್ನು ಮುಟ್ಟಿತು. ಒಂದು ದೊಡ್ಡ ಪಟ್ಟಣಕ್ಕೆ ಕುಡಿಯುವ ನೀರು ಹಳಿಯ ಮೇಲೆ ಬರಬೇಕಾದ ಕಾಲ ಬಂದುದನ್ನು ನೋಡಿ ದೇಶವೆಲ್ಲ ಬೆರಗಾಯಿತು.

ಲಾತೂರು ಜಿಲ್ಲೆಯ ಎಲ್ಲೆ ಮುಗಿಯುವಲ್ಲಿ ನಮ್ಮ ಭಾಲ್ಕಿ, ಔರಾದ್ ತಾಲ್ಲೂಕುಗಳು ಮೊದಲಾಗುತ್ತವೆ. ಲಾತೂರಿಗೆ ಬತ್ತಿದ ಮಾಂಜ್ರಾ ನದಿಯೇ ಈ ಎರಡು ತಾಲ್ಲೂಕುಗಳ ನಡುವೆ ಹರಿದು ಬರಬೇಕು. ರಾಜ್ಯಗಳಿಗೆ ಗಡಿಯುಂಟು, ಬರಗಾಲಕ್ಕೆ ಇಲ್ಲ. ಆ ವರ್ಷ ಬೀದರವೂ ಬಾಯಾರಿತ್ತು. ಆದರೆ ಬೀದರದಲ್ಲಿ ಆ ಬೇಸಗೆ ಮತ್ತೊಂದು ನೋಟವನ್ನು ಕಂಡಿತು. ಜಿಲ್ಲಾಡಳಿತದ ಸಿಬ್ಬಂದಿಯೂ, 'ಟೀಮ್ ಯುವಾ' ಎಂಬ ಸ್ವಯಂಸೇವಕರ ಬಳಗವೂ, ಬೀದಿಬೀದಿಯ ನಿವಾಸಿಗಳೂ ಸೇರಿ ಊರಿನ ಹಳೆಯ ತೆರೆದ ಬಾವಿಗಳಿಗೆ ಇಳಿದರು. ಎಷ್ಟೋ ವರ್ಷಗಳಿಂದ ಕಸದ ಗುಂಡಿಗಳಾಗಿ ಬಿದ್ದಿದ್ದ ಬಾವಿಗಳಿಂದ ಹೂಳು ಮೇಲಕ್ಕೆ ಬಂದಿತು. 'ಜಹಾಜ್ ಕೀ ಬಾವಡಿ' ಎಂದು ಜನ ಕರೆಯುವ ಹಿರಿಯ ಬಾವಿ ಮೊದಲಾದವುಗಳಲ್ಲಿ, ಕೆಸರು ತೆಗೆದಷ್ಟಕ್ಕೂ ನೀರು ಒಸರತೊಡಗಿತು.

ಸುತ್ತಮುತ್ತ ಒಣಗಿದ ಕಾಲದಲ್ಲಿ ಇಲ್ಲಿ ನೀರು ಎಲ್ಲಿಂದ ಬಂದಿತು? ಆ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟವರು ಐದು-ಆರು ನೂರು ವರ್ಷ ಹಿಂದಕ್ಕೆ ಹೋಗಬೇಕು; ನೆಲದೊಳಕ್ಕೂ ಇಳಿಯಬೇಕು.

ನೀರು ಕುಡಿಯುವ ಕಲ್ಲು

ಬೀದರ ನಗರ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರವಾದ ಒಂದು ಪ್ರಸ್ಥಭೂಮಿಯ ಅಂಚಿನಲ್ಲಿ ಕುಳಿತಿದೆ. ಕೋಟೆಯ ಬುರುಜಿನ ಮೇಲೆ ನಿಂತು ನೋಡಿದರೆ ಕೆಳಗೆ ಬಯಲು ಹರಡಿಕೊಂಡಿರುವುದು ಕಾಣುತ್ತದೆ. ಊರಿನ ಮಣ್ಣು ಕೆಂಪು, ಕಲ್ಲು ಕೆಂಪು, ಕೋಟೆಯ ಗೋಡೆಯೂ ಕೆಂಪು. ಇದು ಜಂಬಿಟ್ಟಿಗೆಯ ನಾಡು. ಕರಾವಳಿಯವರು ಮುರಕಲ್ಲು ಎನ್ನುವುದು ಇದನ್ನೇ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನದ ಮೇಲೆಲ್ಲ ಹರಿದು ಹೆಪ್ಪುಗಟ್ಟಿದ ಕರಿಯ ಲಾವಾಶಿಲೆ, ಮಳೆಗೂ ಬಿಸಿಲಿಗೂ ಕರಗಿ ಕೊರಗಿ, ಕಬ್ಬಿಣದ ಅಂಶವನ್ನು ಉಳಿಸಿಕೊಂಡು ಈ ಕೆಂಗಲ್ಲಾಗಿ ಮಾರ್ಪಟ್ಟಿತು. ಕೆಲವೆಡೆ ಇದರ ದಪ್ಪ ನೂರು ಅಡಿಗೂ ಮೀರಿದುದು.

ಜಂಬಿಟ್ಟಿಗೆಯ ತುಂಡೊಂದನ್ನು ಕೈಯಲ್ಲಿ ಹಿಡಿದವರಿಗೆ ಅದರ ಮೈಯೆಲ್ಲ ತೂತು ಎಂಬುದು ಗೊತ್ತು. ಬಿದ್ದ ಮಳೆಯನ್ನು ಅದು ಕುಡಿಯುತ್ತದೆ. ಕುಡಿದ ನೀರು ಕೆಳಗಿಳಿದು, ಜೇಡಿಯ ಪದರವನ್ನೂ ಅದರಡಿಯ ಕರಿಯ ಶಿಲೆಯನ್ನೂ ಮುಟ್ಟಿದೊಡನೆ ಮುಂದೆ ಇಳಿಯಲಾರದೆ ಪಕ್ಕಕ್ಕೆ ತಿರುಗುತ್ತದೆ. ಹೀಗೆ ಕತ್ತಲೆಯಲ್ಲಿ ಮೆಲ್ಲಮೆಲ್ಲನೆ ಸರಿದು, ಪ್ರಸ್ಥಭೂಮಿಯ ಅಂಚು ಕಡಿದಿರುವ ಕಡೆಯಲ್ಲಿ ಒರತೆಯಾಗಿ ಹೊರಬೀಳುತ್ತದೆ.

ಬೀದರದ ಪುಣ್ಯಸ್ಥಳಗಳನ್ನು ಒಮ್ಮೆ ನೆನೆಯಬಹುದು. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯುವುದು ಸಂಪ್ರದಾಯ. ಗುರುನಾನಕ ಝೀರಾದಲ್ಲಿ ಬಂಡೆಯ ಬುಡದಿಂದ ಸಿಹಿನೀರು ಚಿಮ್ಮಿತೆಂಬ ನಂಬಿಕೆಯಿಂದ ದೇಶದ ಮೂಲೆಮೂಲೆಗಳಿಂದ ಸಿಖ್ಖರು ಬರುತ್ತಾರೆ. ಪಾಪನಾಶದಲ್ಲಿ ಶಿವಾಲಯದ ಕೆಳಗೆ ನೀರು ನಿಂತಿದೆ. ದೇವರ ಹೆಸರುಗಳು ಬೇರೆ, ಭಕ್ತರ ಭಾಷೆಗಳು ಬೇರೆ. ನೀರನ್ನು ಹಿಡಿದು ಕೊಟ್ಟ ಕಲ್ಲು ಮಾತ್ರ ಒಂದೇ. ಊರಿನ ಮೇಲೆ ಎಲ್ಲಿ ಬಿದ್ದ ಮಳೆ ಯಾರ ತೀರ್ಥವಾಗಿ ಹೊರಬಂದಿತೆಂದು ಬಗೆಹರಿಸುವವರಾರು?

ಕೆರ್ಮಾನಿನಿಂದ ಬಂದ ವಿದ್ಯೆ

ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹನು ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಕೋಟೆ ಎದ್ದಿತು, ಅದರ ದಕ್ಷಿಣಕ್ಕೆ ಬಂಡೆಯನ್ನೇ ಕಡಿದು ಮೂರು ಪಟ್ಟಿನ ಕಂದಕವನ್ನು ತೆಗೆದರು. ಸುಲ್ತಾನನಿಗೆ ಇರಾನಿನ ಸೂಫಿಗಳಲ್ಲಿ ಅಪಾರವಾದ ಭಕ್ತಿ. ಕೆರ್ಮಾನಿನ ಬಳಿಯ ಮಾಹಾನಿನಲ್ಲಿದ್ದ ಶಾಹ ನಿಅಮತುಲ್ಲಾ ಎಂಬ ಮಹನೀಯನ ಮನೆತನವನ್ನು ಅವನು ಬೀದರಕ್ಕೆ ಬರಮಾಡಿಕೊಂಡನು. ಆ ಮನೆತನದ ಖಲೀಲುಲ್ಲಾನ ಸಮಾಧಿ 'ಚೌಖಂಡಿ'ಯು ಅಷ್ಟೂರಿನ ದಾರಿಯಲ್ಲಿ ಇಂದಿಗೂ ನಿಂತಿದೆ. ಸಂತರ ಹಿಂದೆ ಕವಿಗಳು, ವರ್ತಕರು, ಶಿಲ್ಪಿಗಳು ಬಂದರು.

ಕೆರ್ಮಾನ್ ಮರುಭೂಮಿಯ ಸೀಮೆ. ಅಲ್ಲಿಯ ಜನ ಸಾವಿರಾರು ವರ್ಷಗಳಿಂದ ಬೆಟ್ಟದ ಬುಡದ ನೀರನ್ನು ನೆಲದೊಳಗಿನ ಸುರಂಗದಲ್ಲಿ ನಡೆಸಿಕೊಂಡು ಬಂದವರು. ಅದಕ್ಕೆ ಕನಾತ್ ಎಂದೂ ಕರೇಜ್ ಎಂದೂ ಹೆಸರು. ೨೦೧೬ರಲ್ಲಿ ಯುನೆಸ್ಕೊ ಸಂಸ್ಥೆಯು ಇರಾನಿನ ಹನ್ನೊಂದು ಕನಾತುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪರ್ಷಿಯದ ಆ ವಿದ್ಯೆಗೂ ಬೀದರದ ಕೆಂಗಲ್ಲಿಗೂ ಬಹಮನಿಗಳ ಕಾಲದಲ್ಲಿ ಸಂಬಂಧ ಬೆಳೆಯಿತು. ಅದರ ಫಲವೇ ಬೀದರದ ಸುರಂಗ ಬಾವಿಗಳು. ನೌಬಾದಿನ ಕರೇಜು, ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಮೂರು ಇಲ್ಲಿ ಪ್ರಸಿದ್ಧವಾಗಿವೆ. ವಿಜಯಪುರದಲ್ಲಿಯೂ, ಮಧ್ಯಪ್ರದೇಶದ ಬುರ್ಹಾನಪುರದಲ್ಲಿಯೂ ಇಂಥ ಸುರಂಗಗಳುಂಟು.

ಇದರ ರಚನೆ ಕೇಳಲು ಸರಳ, ಮಾಡಲು ಕಠಿನ. ಎತ್ತರದ ಜಾಗದಲ್ಲಿ, ನೆಲದಡಿಯ ನೀರು ಸಿಕ್ಕುವವರೆಗೆ ತಾಯಿಬಾವಿಯೊಂದನ್ನು ತೋಡುವುದು. ಆ ಬಾವಿಯ ತಳಮಟ್ಟದಿಂದ ತಗ್ಗಿನ ಕಡೆಗೆ ಸುರಂಗವನ್ನು ಕೊರೆಯುವುದು. ಸುರಂಗದ ಇಳಿಜಾರು ಬಹು ಸ್ವಲ್ಪ. ಹೆಚ್ಚಾದರೆ ನೀರು ರಭಸದಿಂದ ನೆಲವನ್ನು ಕೊರೆದೀತು, ಕಡಿಮೆಯಾದರೆ ನಿಂತು ಹೂಳಾದೀತು. ನಡುನಡುವೆ ಮೇಲಿನಿಂದ ನೆಟ್ಟಗೆ ಬಾಯಿಗಳನ್ನು ತೆಗೆಯುವುದು: ಅಗೆದ ಮಣ್ಣು ಹೊರಕ್ಕೆ ಹೋಗಲು, ಒಳಗಿನ ಕೆಲಸಗಾರನಿಗೆ ಗಾಳಿ ಬೆಳಕು ದೊರೆಯಲು, ಮುಂದೆ ದಾರಿಯುದ್ದಕ್ಕೂ ಜನ ಹಗ್ಗ ಇಳಿಬಿಟ್ಟು ನೀರು ಸೇದಿಕೊಳ್ಳಲು. ಕೊನೆಯಲ್ಲಿ ಸುರಂಗ ನೆಲದ ಮಟ್ಟಕ್ಕೆ ಬಂದು ತೆರೆದುಕೊಳ್ಳುತ್ತದೆ. ನೀರು ತಾನಾಗಿ ಹರಿದು ಬರುತ್ತದೆ. ಎತ್ತು ಬೇಡ, ಏತ ಬೇಡ, ವಿದ್ಯುಚ್ಛಕ್ತಿ ಬೇಡ. ಬಿಸಿಲು ಮುಟ್ಟದ್ದರಿಂದ ಆವಿಯಾಗಿ ಹೋಗುವ ನಷ್ಟವೂ ಇಲ್ಲ.

ನೌಬಾದಿನ ಕರೇಜು ಎರಡು ಕಿಲೋಮೀಟರಿನಷ್ಟು ಉದ್ದವಾದುದು. ಅದರ ಬಾಯಿಗಳು ಇಪ್ಪತ್ತಕ್ಕೂ ಹೆಚ್ಚು. ನೆಲದ ಕೆಳಗೆ, ಹಣತೆಯ ಬೆಳಕಿನಲ್ಲಿ, ಎರಡು ಬಾಯಿಗಳಿಂದ ಎದುರುಬದುರಾಗಿ ಕೊರೆಯುತ್ತ ಬಂದವರು ಒಂದೇ ಮಟ್ಟದಲ್ಲಿ ಸಂಧಿಸಬೇಕಾದರೆ ಅವರ ಕಣ್ಣಳತೆ ಎಂಥದಿದ್ದಿರಬೇಕು! ಕೋಟೆಯನ್ನು ಕಟ್ಟಿಸಿದವನ ಹೆಸರು ಉಳಿಯಿತು. ಈ ಸುರಂಗವನ್ನು ಕೊರೆದವರ ಹೆಸರು ಯಾವ ಶಾಸನದಲ್ಲಿಯೂ ಕಾಣದು.

ಕಾಸರಗೋಡಿನ ಮತ್ತು ದಕ್ಷಿಣ ಕನ್ನಡದ ಕನ್ನಡಿಗರಿಗೆ ಇದು ಪರಕೀಯವೆನಿಸಲಾರದು. ಅಲ್ಲಿಯ ಕೃಷಿಕರೂ ಮುರಕಲ್ಲಿನ ಗುಡ್ಡವನ್ನು ಅಡ್ಡಡ್ಡಲಾಗಿ ಕೊರೆದು, ಸುರಂಗವೆಂದೇ ಹೆಸರಿಟ್ಟು, ಅಡಕೆ ತೋಟಕ್ಕೂ ಅಡುಗೆಮನೆಗೂ ನೀರು ತಂದಿದ್ದಾರೆ. ಅಲ್ಲಿ ಒಂದು ಮನೆಗೆ ಒಂದು ಸುರಂಗ. ಬೀದರದಲ್ಲಿ ಒಂದು ಊರಿಗೆ ಒಂದು ಸುರಂಗ. ವ್ಯತ್ಯಾಸ ಅಷ್ಟೇ ಅಲ್ಲ. ಮನೆಯ ಸುರಂಗವನ್ನು ಮನೆಯೊಡೆಯ ಕಾಯುತ್ತಾನೆ. ಊರಿನ ಸುರಂಗವನ್ನು ಕಾಯುವವರು ಯಾರು?

ಮರೆತದ್ದು, ಮರಳಿ ನೆನೆದದ್ದು

ಹಿತ್ತಲ ಗಿಡ ಮದ್ದಲ್ಲ ಎಂಬುದು ಎಲ್ಲ ಊರುಗಳ ಕಥೆ. ನಲ್ಲಿಯ ನೀರು ಮನೆಗೆ ಬಂದ ಮೇಲೆ ಬಾವಿಯ ರಾಟೆ ಮೂಕವಾಯಿತು. ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿ ಮನೆಗೆ ಅಪಾಯವೆನಿಸಿತು. ಮಕ್ಕಳು ಬಿದ್ದಾರೆಂದು ಅದರ ಬಾಯಿ ಮುಚ್ಚಿದರು. ಕರೇಜಿನ ಬಾಯಿಗಳು ಹೂಳಿನಿಂದಲೂ ಕಸದಿಂದಲೂ ಮುಳ್ಳುಪೊದೆಗಳಿಂದಲೂ ತುಂಬಿಕೊಂಡವು. ಅವು ಪಾಳುಗುಂಡಿಗಳೆಂದೇ ಬಹುಮಂದಿ ತಿಳಿದಿದ್ದರು.

ಕೇರಳದ ಚಿತ್ತೂರಿನ ಸರಕಾರಿ ಕಾಲೇಜಿನ ಭೂಗೋಳ ಶಾಸ್ತ್ರದ ಅಧ್ಯಾಪಕ ವಳ್ಳಿಯಿಲ್ ಗೋವಿಂದನ್‌ಕುಟ್ಟಿಯವರು ಬೀದರಕ್ಕೆ ಬಂದು, ಈ ಗುಂಡಿಗಳ ಸಾಲನ್ನು ಅಳೆದು ನಕ್ಷೆ ಬರೆದ ಬಳಿಕ, ಅವುಗಳ ಕೆಳಗೆ ಒಂದೇ ಹೊಳೆ ಹರಿಯುತ್ತಿದೆಯೆಂಬುದು ಊರಿಗೆ ಮನವರಿಕೆಯಾಯಿತು. ಸುಮಾರು ೨೦೧೪-೧೫ರಲ್ಲಿ ಜಿಲ್ಲಾಡಳಿತವೂ ಸ್ವಯಂಸೇವಕರೂ ಸೇರಿ ನೌಬಾದಿನ ಕರೇಜಿನ ಹೂಳು ತೆಗೆಸಿದರು. ಸುರಂಗದಲ್ಲಿ ನೀರು ಕಂಡಿತು. ಮರುವರ್ಷ ಬರ ಬಿದ್ದಾಗ ಊರಿನ ಬಾವಿಗಳಿಗೂ ಸರದಿ ಬಂದುದು ಈ ಅನುಭವದ ಮುಂದುವರಿಕೆಯೇ. ೨೦೨೦ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯು ದಖ್ಖನ ಪ್ರಸ್ಥಭೂಮಿಯ ಪುರಾತನ ಜಲವ್ಯವಸ್ಥೆಗಳನ್ನು ತನ್ನ ಎಚ್ಚರಿಕೆಯ ಪಟ್ಟಿಯಲ್ಲಿ ಸೇರಿಸಿತು.

ಹೂಳು ತೆಗೆದುದರಿಂದ ಕರೇಜು ಬದುಕಿತೆಂದು ಹೇಳಿ ಲೇಖನವನ್ನು ಮುಗಿಸಬಹುದಾಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಕರೇಜು ಕೇವಲ ಸುರಂಗವಲ್ಲ. ಸುರಂಗ ಅದರ ಕೊರಳು. ಹೊಟ್ಟೆಯಿರುವುದು ಮೇಲಿನ ಬಯಲಿನಲ್ಲಿ.

ಮೇಲಿನ ಬಯಲು

ಇಲ್ಲೊಂದು ಲೆಕ್ಕವನ್ನು ಮಾಡಿ ನೋಡಬಹುದು. ಬೀದರದಲ್ಲಿ ವರ್ಷಕ್ಕೆ ಸರಾಸರಿ ೮೦೦ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ; ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ೮೦೦ ಮಿಲಿಮೀಟರ್ ಎಂದೇ ಹಿಡಿದರೂ ಒಂದು ಎಕರೆ ಬಯಲಿನ ಮೇಲೆ ಬೀಳುವ ನೀರು ಮೂವತ್ತೆರಡು ಲಕ್ಷ ಲೀಟರುಗಳಿಗೆ ಮಿಕ್ಕುತ್ತದೆ. ಲಾತೂರಿಗೆ ಬಂದ ಮೊದಲನೆಯ ರೈಲಿನಂಥ ಆರು ರೈಲುಗಳ ನೀರು ಅದು. ಎಲ್ಲವೂ ನೆಲಕ್ಕಿಳಿಯುವುದಿಲ್ಲ, ನಿಜ. ಹತ್ತರಲ್ಲೊಂದು ಪಾಲು ಇಳಿದರೂ ಮೂರು ಲಕ್ಷ ಲೀಟರಾಯಿತು. ಅದೇ ಎಕರೆಗೆ ಸಿಮೆಂಟು ಹಾಸಿದರೆ ಆ ನೀರು ಚರಂಡಿಗೆ ಹೋಗುತ್ತದೆ; ಮಳೆಗಾಲದಲ್ಲಿ ತಗ್ಗಿನ ಮನೆಗಳಿಗೆ ನುಗ್ಗುತ್ತದೆ; ಬೇಸಗೆಗೆ ಒಂದು ಹನಿಯೂ ಉಳಿಯುವುದಿಲ್ಲ. ನೆರೆಯೂ ಬರವೂ ಒಂದೇ ತಪ್ಪಿನ ಎರಡು ಮುಖಗಳೆಂಬುದು ಹೀಗೆ.

ಆದುದರಿಂದ ಬೀದರದಲ್ಲಿ ತೆರೆದ ನೆಲವೆಂಬುದು ಖಾಲಿ ನೆಲವಲ್ಲ. ನಗರದ ಉದ್ಯಾನ, ಆಟದ ಬಯಲು, ಗೋರಿಗಳ ಸುತ್ತಣ ತೋಟ, ಕೋಟೆಯ ಕಂದಕ, ಇವೆಲ್ಲವೂ ಒಂದು ದೊಡ್ಡ ಜಲಯಂತ್ರದ ಬಿಡಿಭಾಗಗಳು. ೧೫೮೦ರಲ್ಲಿ ತೀರಿಕೊಂಡ ಅಲಿ ಬರೀದನ ಸಮಾಧಿಯು ನಾಲ್ಕೂ ಕಡೆ ತೆರೆದ ಕಮಾನುಗಳಿಂದ ತೋಟದ ನಡುವೆ ನಿಂತಿದೆ. ಅರಸು ಮನೆತನದ ಆ ತೋಟದಲ್ಲಿ ಇಂದು ಊರಿನ ಹಿರಿಯರು ಮುಂಜಾನೆ ನಡೆದಾಡುತ್ತಾರೆ, ಮಕ್ಕಳು ಆಡುತ್ತಾರೆ. ಅವರ ಕಾಲ ಕೆಳಗೆ ಹುಲ್ಲು ಮಳೆಯನ್ನು ಹಿಡಿದು ಕಲ್ಲಿಗೆ ಕೊಡುತ್ತಿದೆ. ವಿಹಾರಕ್ಕೆಂದು ಉಳಿಸಿಕೊಂಡ ತೋಟ ನೀರನ್ನೂ ಉಳಿಸುತ್ತಿದೆ.

ಚೀನಾ ದೇಶದಲ್ಲಿ ಈ ಭಾವನೆಗೆ ಹೊಸ ಹೆಸರು ಬಂದಿದೆ. ಪೀಕಿಂಗ್ ವಿಶ್ವವಿದ್ಯಾನಿಲಯದ ಯು ಕಾಂಗ್‌ಜಿಯಾನ್ ಎಂಬ ಭೂದೃಶ್ಯ ಶಿಲ್ಪಿ 'ಸ್ಪಂಜಿನ ನಗರ' ಎಂಬ ವಿಚಾರವನ್ನು ಬಹುಕಾಲ ಪ್ರತಿಪಾದಿಸಿದರು. ಮಳೆಯನ್ನು ಕೊಳವೆಯಲ್ಲಿ ಓಡಿಸಿಬಿಡದೆ, ಉದ್ಯಾನಗಳಲ್ಲಿಯೂ ಜೌಗುನೆಲದಲ್ಲಿಯೂ ನಿಲ್ಲಿಸಿ ಇಂಗಿಸಬೇಕೆಂಬುದು ಅವರ ವಾದ. ೨೦೧೫ರಲ್ಲಿ ಅಲ್ಲಿಯ ಸರಕಾರ ಹದಿನಾರು ನಗರಗಳಲ್ಲಿ ಇದರ ಪ್ರಯೋಗವನ್ನು ಆರಂಭಿಸಿತು. ಬೀದರಕ್ಕೆ ಪ್ರಕೃತಿಯೇ ಸ್ಪಂಜನ್ನು ಹಾಸಿ ಕೊಟ್ಟಿದೆ. ಅದರ ಮೇಲೆ ಮುಚ್ಚಳ ಹಾಕದಿರುವುದಷ್ಟೇ ಊರಿನ ಕೆಲಸ.

ಆ ಕೆಲಸಕ್ಕೆ ರೂಪ ಕೊಡುವುದು ಹೇಗೆ? ಕರೇಜಿನ ಬಾಯಿಗಳ ಸಾಲೇ ನೆಲದ ಮೇಲೆ ಒಂದು ಗೆರೆಯನ್ನು ಎಳೆದು ತೋರಿಸುತ್ತದೆ. ಆ ಗೆರೆಯುದ್ದಕ್ಕೂ ಹಸುರು ಪಟ್ಟಿಯೊಂದನ್ನು ಉಳಿಸಿಕೊಂಡರೆ ಅದು ನಗರಕ್ಕೆ ಎರಡು ಕಿಲೋಮೀಟರಿನ ನಡೆದಾರಿಯಾದೀತು. ಪ್ರತಿಯೊಂದು ಬಾಯಿಗೂ ಕಲ್ಲಿನ ಕಟ್ಟೆ, ಅದರ ಮೇಲೆ ಕಬ್ಬಿಣದ ಜಾಲರಿ. ಮಗು ಬೀಳದಂತೆ, ಆದರೆ ಬಗ್ಗಿ ನೋಡಿದರೆ ನೀರು ಕಾಣುವಂತೆ. ಬಾಯಿಗಳ ಹತ್ತಿರ ಆಲ, ಅರಳಿಗಳಂಥ ಬೇರು ಬಿಡುವ ಮರಗಳು ಸಲ್ಲವು. ಹುಲ್ಲೂ ಗಿಡಗಂಟಿಗಳೂ ಸಾಕು. ದೂರದಲ್ಲಿ ನೆರಳಿಗೆ ಬೇವು, ಹುಣಸೆ, ಈ ಕೆಮ್ಮಣ್ಣಿಗೆ ಒಗ್ಗಿದ ಸೀತಾಫಲ. ಆಟದ ಬಯಲನ್ನು ಸುತ್ತಣ ನೆಲಕ್ಕಿಂತ ಒಂದು ಅಡಿ ತಗ್ಗಿಸಿದರೆ ಜೋರು ಮಳೆಯ ದಿನ ಅದು ಕೊಳವಾಗಿ, ನೀರು ಇಂಗಿದ ಮೇಲೆ ಮತ್ತೆ ಬಯಲಾಗುತ್ತದೆ. ಕೊಳಚೆಯ ಚರಂಡಿ ಮಾತ್ರ ಈ ಪಟ್ಟಿಯನ್ನು ಮುಟ್ಟಕೂಡದು. ಮಳೆಯನ್ನು ಕುಡಿಯುವ ಕಲ್ಲು ಕೊಳೆಯನ್ನೂ ಕುಡಿಯುತ್ತದೆ.

ನಿವೇಶನದ ಒಡೆಯನ ಪ್ರಶ್ನೆ

ಕಾಗದದ ಮೇಲೆ ಇದು ಸುಂದರ. ನೆಲದ ಮೇಲೆ ಬೇಲಿಗಳಿವೆ. ನಗರ ಬೆಳೆಯುತ್ತಿರುವುದು ಹೊಲಗಳ ಮೇಲೆ. ಜೀವಮಾನದ ಉಳಿತಾಯವನ್ನು ಸುರಿದು ಮೂವತ್ತು-ನಲವತ್ತರ ನಿವೇಶನವೊಂದನ್ನು ಕೊಂಡ ಗುಮಾಸ್ತನಿಗೆ, 'ನಿನ್ನ ನೆಲದ ಕೆಳಗೆ ಸುಲ್ತಾನರ ಕಾಲದ ಸುರಂಗವಿದೆ, ಇಲ್ಲಿ ಕೊಳವೆಬಾವಿ ಕೊರೆಯಬೇಡ, ಅಂಗಳಕ್ಕೆ ಸಿಮೆಂಟು ಹಾಕಬೇಡ' ಎಂದು ಹೇಳುವುದು ಸುಲಭವೇ? ಅವನ ಹೆಂಡತಿ ಟ್ಯಾಂಕರಿಗೆ ಕೊಡ ಹಿಡಿದು ನಿಂತವಳು. ಮನೆಯಲ್ಲೇ ನೀರಿದ್ದರೆ ಸಾಕೆಂದು ಅವಳು ಬಯಸುವುದು ತಪ್ಪಲ್ಲ.

ಆದರೆ ನೂರು ಮನೆಗಳು ನೂರು ಕೊಳವೆಗಳನ್ನು ಇಳಿಸಿದಾಗ ಮೊದಲು ಬತ್ತುವುದು ತಾಯಿಬಾವಿ. ಆಮೇಲೆ ಆಳವಿಲ್ಲದ ಕೊಳವೆಗಳು. ಕೊನೆಗೆ ಎಲ್ಲರೂ ಮತ್ತೆ ಟ್ಯಾಂಕರಿನ ಮುಂದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ನೆಲದಡಿಯ ನೀರಿಗೂ ಸಲ್ಲುತ್ತದೆ. ಆದುದರಿಂದ ಆ ಗುಮಾಸ್ತನೊಬ್ಬನ ತ್ಯಾಗದಿಂದ ಕರೇಜು ಉಳಿಯಬೇಕೆನ್ನುವುದು ನ್ಯಾಯವಲ್ಲ. ಬಡಾವಣೆಗೆ ಅನುಮತಿ ಕೊಡುವ ಮೊದಲೇ ಸುರಂಗದ ಗೆರೆ ನಗರದ ನಕ್ಷೆಯಲ್ಲಿರಬೇಕು. ಕಾನೂನಿನಂತೆ ಬಿಡಲೇಬೇಕಾದ ಉದ್ಯಾನದ ಜಾಗವನ್ನು ಮೂಲೆಗೆ ತಳ್ಳದೆ ಆ ಗೆರೆಯ ಮೇಲೆಯೇ ಬಿಡಿಸಬೇಕು. ಈಗಾಗಲೇ ನೆಲ ಕೊಂಡವನಿಗೆ ಬದಲಿ ನೆಲವೋ ಪರಿಹಾರವೋ ದೊರೆಯಬೇಕು. ಇದು ವೆಚ್ಚದ ಮಾತು ಹೌದು. ರೈಲಿನಲ್ಲಿ ನೀರು ತರಿಸುವುದೂ ವೆಚ್ಚವೇ.

ಕರಿಮಣ್ಣಿನ ಕಡೆಯಲ್ಲಿ

ಬೀದರದ ಪಾಠವನ್ನು ಹಾಗೆಯೇ ಎತ್ತಿಕೊಂಡು ಭಾಲ್ಕಿಗೂ ಔರಾದಿಗೂ ಹೋಗುವಂತಿಲ್ಲ. ಪ್ರಸ್ಥಭೂಮಿಯಿಂದ ಇಳಿದೊಡನೆ ಮಣ್ಣಿನ ಬಣ್ಣ ಬದಲಾಗುತ್ತದೆ. ಅಲ್ಲಿ ತೊಗರಿ, ಜೋಳ, ಉದ್ದು, ಹೆಸರು, ಸೋಯಾ ಬೆಳೆಯುವ ಕರಿಯ ಎರೆಭೂಮಿ ಹೆಚ್ಚು. ಬೇಸಗೆಯಲ್ಲಿ ಬಿರಿದು ಬಾಯಿಬಿಟ್ಟ ಎರೆಮಣ್ಣು ಮೊದಲ ಮಳೆಯನ್ನು ನುಂಗುತ್ತದೆ. ನೆನೆದೊಡನೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಂಡು, ಆಮೇಲಿನ ಮಳೆಯನ್ನು ಮಣ್ಣಿನೊಡನೆ ಹಳ್ಳಕ್ಕೆ ಕಳುಹಿಸಿಬಿಡುತ್ತದೆ. ಇಲ್ಲಿ ಸುರಂಗದ ಮಾತಿಲ್ಲ. ಹರಿಯುವ ನೀರನ್ನು ಬದುವಿನಿಂದ ನಿಧಾನಗೊಳಿಸುವುದು, ಹಳ್ಳಕ್ಕೆ ಅಡ್ಡಗಟ್ಟೆ ಹಾಕುವುದು, ಕೆರೆಯಲ್ಲಿ ನಿಲ್ಲಿಸುವುದು ಇಲ್ಲಿಯ ದಾರಿ. ೨೦೨೨ರಲ್ಲಿ ಕೇಂದ್ರ ಸರಕಾರ ಜಿಲ್ಲೆಗೆ ೭೫ರಂತೆ, ಕನಿಷ್ಠ ಒಂದು ಎಕರೆಯ 'ಅಮೃತ ಸರೋವರ'ಗಳನ್ನು ನಿರ್ಮಿಸುವ ಯೋಜನೆಯನ್ನು ಆರಂಭಿಸಿದ್ದು ಇಂಥ ನೆಲಕ್ಕೆ ಒಪ್ಪುವ ಕೆಲಸ. ಆದರೆ ಕೆರೆಯನ್ನು ತೋಡಿ, ಅದಕ್ಕೆ ನೀರು ಬರುವ ಇಳಿಜಾರನ್ನು ಬೋಳಾಗಿ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಅದು ಹೂಳಿನ ಹೊಂಡವಾಗುತ್ತದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಕಟ್ಟಿದ ಕಾರಂಜಾ ಜಲಾಶಯದ ಆಯುಷ್ಯವೂ ಅದಕ್ಕೆ ನೀರು ಹರಿಸುವ ಹೊಲಗಳ ಬದುವಿನ ಹುಲ್ಲನ್ನು ಅವಲಂಬಿಸಿದೆ.

ಹುಲ್ಲಿನ ಮಾತು ಬಂದಾಗ ಔರಾದನ್ನು ನೆನೆಯಲೇಬೇಕು. ಕರ್ನಾಟಕದ ತುತ್ತತುದಿಯ ಈ ತಾಲ್ಲೂಕಿನಲ್ಲಿ ಅಮರೇಶ್ವರನ ಜಾತ್ರೆಯೆಂದರೆ ದನಗಳ ಜಾತ್ರೆಯೂ ಹೌದು. ಕಪ್ಪು-ಬಿಳುಪಿನ ಮೈಯ ದೇವಣಿ ತಳಿಯ ಹಸುಗಳೂ ಎತ್ತುಗಳೂ ಈ ಸೀಮೆಯ ಹೆಮ್ಮೆ. ಆ ತಳಿಯನ್ನು ಸಾಕಿದ್ದು ಊರೊಟ್ಟಿನ ಗಾಯರಾಣ, ಅಂದರೆ ಹಳೆಯ ಮೈಸೂರಿನವರು ಗೋಮಾಳವೆನ್ನುವ ನೆಲ. ಔರಾದಿನ ಬಯಲುಗಳಲ್ಲಿ ಕೃಷ್ಣಮೃಗಗಳೂ ಮೇಯುತ್ತವೆ. ನಗರದವರ ಕಣ್ಣಿಗೆ ಈ ನೆಲ ಪಾಳು. ಮರವಿಲ್ಲದ್ದರಿಂದ ಅದು ಹಾಳಾದ ಕಾಡೆಂದು ಅವರು ಬಗೆಯುತ್ತಾರೆ. ಒಂದೇ ಜಾತಿಯ ಸಸಿಗಳನ್ನು ಸಾಲಾಗಿ ನೆಟ್ಟು ವನಮಹೋತ್ಸವ ಆಚರಿಸಿದರೆ ಅಲ್ಲಿ ನೆರಳೇನೋ ಬಂದೀತು. ದನದ ಮೇವು, ಜಿಂಕೆಯ ಬಯಲು, ನೆಲಗೂಡಿನ ಹಕ್ಕಿ ಹೋದಾವು. ಗಾಯರಾಣವನ್ನು ಹುಲ್ಲುಗಾವಲಾಗಿಯೇ ಉಳಿಸಿ, ಸರದಿಯಂತೆ ಒಂದೊಂದು ಭಾಗಕ್ಕೆ ವಿಶ್ರಾಂತಿ ಕೊಟ್ಟು ಮೇಯಿಸುವುದೇ ಅದರ ಉದ್ಧಾರ. ಔರಾದಿನ ಹಳ್ಳಿಗೆ ಅದೇ ಉದ್ಯಾನ, ಅದೇ ಕೆರೆಯ ಕಾವಲು.

ಕೆಂಪು ನೆಲಕ್ಕೆ ಒಂದು ಉಪಾಯ, ಕರಿಯ ನೆಲಕ್ಕೆ ಇನ್ನೊಂದು. ಎರಡರ ಹಿಂದೆಯೂ ಇರುವ ವಿವೇಕ ಒಂದೇ. ಊರೊಟ್ಟಿನ ನೆಲ ಯಾರದೂ ಅಲ್ಲದ ನೆಲವಲ್ಲ, ಎಲ್ಲರದೂ ಆದ ನೆಲ. ೧೯೫೬ರಲ್ಲಿ ಬೀದರ ಕನ್ನಡನಾಡಿನೊಡನೆ ಒಂದಾದಾಗ ಈ ಕೋಟೆಗಳೂ ಗುಮ್ಮಟಗಳೂ ನಾಡಿನ ಆಸ್ತಿಯಾದವು. ಅವುಗಳ ನಡುವಣ ಬಯಲು, ಬಾವಿ, ಹುಲ್ಲು ಕೂಡ ಅದೇ ಆಸ್ತಿಯ ಭಾಗಗಳು. ಕೋಟೆಯನ್ನು ನೋಡಲು ಬೀದರಕ್ಕೆ ಹೋಗುವ ಕುಟುಂಬಗಳು ಒಂದು ಗಳಿಗೆಯನ್ನು ನೌಬಾದಿನ ಕಡೆಗೂ ಮೀಸಲಿಡಬಹುದು. ಅಲ್ಲಿ ನೋಡಲು ಗುಮ್ಮಟವಿಲ್ಲ, ಮಿನಾರಿಲ್ಲ. ನೆಲದಲ್ಲಿ ಕಡಿದ ಕೆಲವು ಚೌಕದ ಬಾಯಿಗಳಿವೆ. ಮಕ್ಕಳ ಕೈ ಹಿಡಿದು, ಜೋಪಾನವಾಗಿ, ಒಂದರೊಳಕ್ಕೆ ಬಗ್ಗಿ ನೋಡಬೇಕು. ಮಳೆಗಾಲ ಕಳೆದ ದಿನಗಳಲ್ಲಿ ಆಳದ ಕತ್ತಲೆಯಲ್ಲಿ ನೀರು ಮಿನುಗಿದರೆ, ಅದರ ಮೇಲಿನ ಬಯಲು ಇನ್ನೂ ತೆರೆದಿದೆಯೆಂದು ತಿಳಿಯಬೇಕು.